ಡಿಕ್ಕಿ ಹೊಡೆದು ಪರಾರಿಯಾದವನ ಮೇಲೆ ಎಷ್ಟು ವರ್ಷದ ತನಕ ಕೇಸು ನಡೆಸಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ–ಬೆಂಗಳೂರು ಹೆದ್ದಾರಿ ಧಾರವಾಡದಿಂದ ರಾಣೆಬೆನ್ನೂರಿನವರೆಗೆ ನಮ್ಮ ಊರುಗಳ ಹೊಲ, ಶಾಲೆ, ದೇವಸ್ಥಾನಗಳನ್ನು ಎರಡು ಭಾಗ ಮಾಡಿಕೊಂಡು ಹೋಗುತ್ತದೆ. ಈ ಕಡೆ ಮನೆ, ಆ ಕಡೆ ಹೊಲ ಇರುವವರು ದಿನಕ್ಕೆ ನಾಲ್ಕು ಸಲ ದಾಟಲೇಬೇಕು. ಹುಬ್ಬಳ್ಳಿ ಮತ್ತು ಹಾವೇರಿಯ ನ್ಯಾಯಾಲಯಗಳಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಹಾಗೆ ದಾಟುವಾಗ ಸತ್ತವರ ಮನೆಯವರು ಬರುತ್ತಿರುತ್ತಾರೆ.

ಶಿಗ್ಗಾಂವಿ ತಾಲ್ಲೂಕಿನಿಂದ ಬಂದ ಒಬ್ಬ ತಾಯಿ ಕೈಚೀಲದಿಂದ ಮೂರು ವಸ್ತು ತೆಗೆದು ಮೇಜಿನ ಮೇಲೆ ಇಟ್ಟರು. ಮಡಿಕೆ ಹರಿದುಹೋದ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಗೋವಿನಜೋಳದ ಬೀಜದ ಖಾಲಿ ಪೊಟ್ಟಣದಲ್ಲಿ ಸುತ್ತಿದ್ದ ಕಿತ್ತಳೆ ಬಣ್ಣದ ಇಂಡಿಕೇಟರಿನ ಒಂದು ಚೂರು. 2023ರಲ್ಲಿ ಮಗ ಸತ್ತ ಮರುದಿನ ಬೆಳಿಗ್ಗೆ ತಮ್ಮನು ರಸ್ತೆ ಬದಿಯ ಹುಲ್ಲಿನಲ್ಲಿ ಹೆಕ್ಕಿದ್ದಂತೆ. "ಮೂರು ವರ್ಷ ಆದರೆ ಕೇಸು ಸಾಯುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಇನ್ನೇನು ಆರು ತಿಂಗಳು ಉಳಿದಿದೆ. ಹೌದೇನು ವಕೀಲ ಸಾಹೇಬರೇ?"

ಅವರಿಗೆ ಹೇಳಿದ್ದನ್ನೇ, ಆಮೇಲೆ ಬಂದವರು ಕೇಳಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಮೂರು ವರ್ಷ ದಾಟಿದರೆ ಕೇಸು ಮುಗಿಯಿತೇ?

ಇಲ್ಲ. ಸಾವು ಸಂಭವಿಸಿದ್ದು 2024ರ ಜುಲೈ 1 ಅಥವಾ ಅದರ ನಂತರವಾದರೆ ಮೂರು ವರ್ಷದ ಮಾತೇ ಬರುವುದಿಲ್ಲ. ಅದಕ್ಕಿಂತ ಮುಂಚಿನದಾದರೆ ಮೂರು ವರ್ಷದ ಮಿತಿ ಇದೆ, ಆದರೆ ಅದರ ಎಣಿಕೆ ನೀವು ಅಂದುಕೊಂಡ ದಿನದಿಂದ ಶುರುವಾಗುವುದಿಲ್ಲ.

ಈ ಮೂರು ವರ್ಷದ ಲೆಕ್ಕ ಬಂದದ್ದಾದರೂ ಎಲ್ಲಿಂದ?

ಬ್ರಿಟಿಷರ ಕಾಲದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅಪರಾಧಗಳಿಗೆ ಸಾಮಾನ್ಯವಾದ ಕಾಲಮಿತಿ ಇರಲಿಲ್ಲ. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ 1973ರ ಸಂಹಿತೆ ಅದನ್ನು ತಂದಿತು. ಅದರ 468ನೇ ಕಲಂ ಅಪರಾಧದ ಹೆಸರನ್ನು ನೋಡುವುದಿಲ್ಲ, ಶಿಕ್ಷೆಯ ಅಳತೆಯನ್ನು ನೋಡುತ್ತದೆ. ದಂಡ ಮಾತ್ರವಾದರೆ ಆರು ತಿಂಗಳು, ಒಂದು ವರ್ಷದವರೆಗಿನ ಸೆರೆಯಾದರೆ ಒಂದು ವರ್ಷ, ಒಂದಕ್ಕಿಂತ ಹೆಚ್ಚು ಮೂರರವರೆಗಿನ ಸೆರೆಯಾದರೆ ಮೂರು ವರ್ಷ. ಮೂರು ವರ್ಷಕ್ಕಿಂತ ಹೆಚ್ಚು ಸೆರೆ ವಿಧಿಸಬಹುದಾದ ಅಪರಾಧಕ್ಕೆ ಮಿತಿಯೇ ಇಲ್ಲ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾಗುವುದು ಹಳೆಯ ಐಪಿಸಿಯಲ್ಲಿ 304ಎ. ಗರಿಷ್ಠ ಶಿಕ್ಷೆ ಎರಡು ವರ್ಷ. ಆದ್ದರಿಂದ ಮಿತಿ ಮೂರು ವರ್ಷ. ಊರಿನ ಕಟ್ಟೆಯ ಮೇಲೆ ಕುಳಿತವರಿಗೆ ಈ ಸಂಖ್ಯೆ ಬಾಯಿಪಾಠವಾಗಿರುವುದು ಹಾಗೆ.

2024ರಲ್ಲಿ ಏನು ಬದಲಾಯಿತು?

ಬಹಳ ಬದಲಾಯಿತು, ಆದರೆ ಸದ್ದಿಲ್ಲದೆ. ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದವು. ನ್ಯಾಯ ಸಂಹಿತೆಯ 106(1)ರಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಸೆರೆ. ಕಾಲಮಿತಿಯ ಪಟ್ಟಿ ಮಾತ್ರ ಹಳೆಯದೇ. 468 ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 514 ಆಗಿದೆ, ಒಳಗಿನ ಅಂಕಿಗಳು ಹಾಗೆಯೇ ಇವೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿ. ಶಿಕ್ಷೆ ಐದು ವರ್ಷಕ್ಕೆ ಏರಿದ ಕ್ಷಣ ಅಪರಾಧವು ಆ ಪಟ್ಟಿಯಿಂದಲೇ ಹೊರಬಿತ್ತು. ಕಾಲಮಿತಿಯನ್ನು ವಿಸ್ತರಿಸುತ್ತೇವೆ ಎಂದು ಯಾರೂ ಘೋಷಿಸಲಿಲ್ಲ, ಶಿಕ್ಷೆ ಏರಿಸಿದ್ದರ ಬೆನ್ನಿಗೆ ಮಿತಿ ತಾನಾಗಿ ಕಳಚಿಕೊಂಡಿತು.

ಅದೇ ರಸ್ತೆಯಲ್ಲಿ 2024ರ ಜೂನ್ 20ರಂದು ಸತ್ತವರಿಗೆ ಮೂರು ವರ್ಷದ ಮಿತಿ, ಜುಲೈ 5ರಂದು ಸತ್ತವರಿಗೆ ಮಿತಿಯಿಲ್ಲ. ನನಗೂ ಇದು ವಿಚಿತ್ರವೆನಿಸುತ್ತದೆ. ಆದರೆ ಅಪರಾಧ ನಡೆದ ದಿನ ಇದ್ದ ಶಿಕ್ಷೆಗಿಂತ ಹೆಚ್ಚಿನದನ್ನು ಹೇರಬಾರದೆಂದು ಸಂವಿಧಾನದ 20(1)ನೇ ವಿಧಿ ಹೇಳುವುದರಿಂದ ಜೂನ್ 20ರ ಸಾವಿಗೆ 304ಎ ಕಲಮೇ ಅನ್ವಯ.

ಓಡಿಹೋದರೆ ಹತ್ತು ವರ್ಷ ಎಂದು ಟಿವಿಯಲ್ಲಿ ಬಂದಿತ್ತಲ್ಲ?

ಬಂದಿತ್ತು. ಅದು 106(2). ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ಕೂಡಲೇ ತಿಳಿಸದೆ ಪರಾರಿಯಾದ ಚಾಲಕನಿಗೆ ಹತ್ತು ವರ್ಷದವರೆಗೆ ಸೆರೆ. 2024ರ ಜನವರಿ ಮೊದಲ ವಾರದಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಗಾಡಿ ನಿಲ್ಲಿಸಿದರು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಸಂಹಿತೆಗಳನ್ನು ಜುಲೈ 1ರಿಂದ ಜಾರಿಗೊಳಿಸುವ ಅಧಿಸೂಚನೆ ಹೊರಡಿಸಿದಾಗ ಈ ಒಂದು ಉಪಕಲಮನ್ನು ಹೊರಗಿಟ್ಟಿತು. ಎಲ್ಲರ ಕಣ್ಣು 106(2)ರ ಮೇಲೆಯೇ ಇದ್ದುದರಿಂದ 106(1) ಮಾಡಿದ ಬದಲಾವಣೆಯನ್ನು ಯಾರೂ ಗಮನಿಸಲಿಲ್ಲ ಎಂಬುದು ನನ್ನ ಅಂದಾಜು. ಕಾಲಮಿತಿಯ ಮಟ್ಟಿಗೆ ಮಾತ್ರ ನೋಡಿದರೆ ಎರಡರಲ್ಲಿ ಯಾವುದಿದ್ದರೂ ಒಂದೇ, ಐದು ವರ್ಷವೂ ಮೂರನ್ನು ದಾಟುತ್ತದೆ.

ಅಪಘಾತದ ದಿನ ಸಾಯಲಿಲ್ಲ, ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ತೀರಿಕೊಂಡರು.

ಮೊದಲ ಎಫ್‌ಐಆರ್‌ನಲ್ಲಿ ತೀವ್ರ ಗಾಯದ ಕಲಂ ಇರುತ್ತದೆ, ನ್ಯಾಯ ಸಂಹಿತೆಯಲ್ಲಿ 125(ಬಿ). ಅದಕ್ಕೆ ಮೂರು ವರ್ಷದವರೆಗೆ ಸೆರೆ, ಹಾಗಾಗಿ ಮಿತಿಯೂ ಮೂರು ವರ್ಷ. ಸಾವಿನ ನಂತರ ತನಿಖಾಧಿಕಾರಿ 106(1) ಸೇರಿಸಿಕೊಳ್ಳಲು ನ್ಯಾಯಾಲಯಕ್ಕೆ ಮನವಿ ಕೊಡಬೇಕು. ಕೊಟ್ಟಿದ್ದಾರೆಯೇ ಎಂದು ಠಾಣೆಗೆ ಹೋಗಿ ಕೇಳಿ. ಸಾವಾಗಿದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಕೇಸು ಇರುವುದು ಗದಗ ಜಿಲ್ಲೆಯ ಠಾಣೆಯಲ್ಲಿ ಎಂಬಂತಿದ್ದರೆ ಈ ಕಾಗದ ನಡುವೆ ನಿಂತುಬಿಡುವುದುಂಟು.

ಯಾವ ವಾಹನ, ಯಾರು ಚಾಲಕ ಎಂದೇ ಗೊತ್ತಿಲ್ಲ. ಎಣಿಕೆ ಯಾವಾಗ ಶುರು?

ಶಿಗ್ಗಾಂವಿಯ ಆ ತಾಯಿಯ ಪ್ರಶ್ನೆ ಇದೇ ಆಗಿತ್ತು.

ಹಳೆಯ ಸಂಹಿತೆಯ 469ನೇ ಕಲಂ, ಈಗಿನ 515, ಹೇಳುವುದಿಷ್ಟು. ಸಾಮಾನ್ಯವಾಗಿ ಎಣಿಕೆ ಅಪರಾಧದ ದಿನದಿಂದ. ಆದರೆ ಅಪರಾಧ ಮಾಡಿದವನು ಯಾರೆಂದು ತಿಳಿಯದಿದ್ದಾಗ, ನೊಂದವರಿಗಾಗಲಿ ತನಿಖೆ ಮಾಡುವ ಪೊಲೀಸ್ ಅಧಿಕಾರಿಗಾಗಲಿ ಅವನ ಗುರುತು ಮೊದಲು ತಿಳಿದ ದಿನದಿಂದ. ಇಬ್ಬರಲ್ಲಿ ಯಾರಿಗೆ ಮೊದಲು ತಿಳಿಯುತ್ತದೆಯೋ ಆ ದಿನ ಲೆಕ್ಕಕ್ಕೆ. ಪರಾರಿ ಪ್ರಕರಣಕ್ಕೇ ಅಳತೆ ಕೊಟ್ಟು ಹೊಲಿಸಿದಂತಿರುವ ನಿಯಮ ಇದು. 2023ರಲ್ಲಿ ಗುದ್ದಿದವನ ಗುರುತು 2027ರಲ್ಲಿ ಸಿಕ್ಕರೆ ಮೂರು ವರ್ಷದ ಎಣಿಕೆ 2027ರಿಂದ.

ಒಂದು ಎಚ್ಚರಿಕೆ. ಚಾಲಕ ಯಾರೆಂದು ನಿಮಗೆ ಗೊತ್ತಾಗಿಯೂ ರಾಜಿಯ ಮಾತು ನಡೆಯುತ್ತಿದೆ ಎಂದು ಸುಮ್ಮನೆ ಕುಳಿತರೆ ಎಣಿಕೆ ನಿಮ್ಮ ವಿರುದ್ಧ ಓಡುತ್ತದೆ. ಹಿರಿಯರು ಪಂಚಾಯಿತಿ ಸೇರಿಸುತ್ತಾರೆ, ಎರಡು ಸಲ ಮುಂದಕ್ಕೆ ಹಾಕುತ್ತಾರೆ, ಜಾತ್ರೆಯಾದ ಮೇಲೆ ನೋಡೋಣ ಎನ್ನುತ್ತಾರೆ. ಆ ತಿಂಗಳುಗಳನ್ನು ಯಾವ ಕಲಮೂ ಹಿಂದಿರುಗಿಸುವುದಿಲ್ಲ. ಗೊತ್ತಾದ ದಿನವೇ ಬರಹದಲ್ಲಿ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಎಣಿಕೆ ನಿಲ್ಲುವುದು ಯಾವ ದಿನ? ಎಫ್‌ಐಆರ್ ದಿನವೋ, ಚಾರ್ಜ್‌ಶೀಟ್ ದಿನವೋ?

ಇದರ ಮೇಲೆ ವರ್ಷಗಟ್ಟಲೆ ವಾದ ನಡೆದಿದೆ. 2013ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಸಾರಾ ಮ್ಯಾಥ್ಯೂ ಪ್ರಕರಣದಲ್ಲಿ, ದೂರು ಸಲ್ಲಿಸಿದ ಅಥವಾ ಪ್ರಕರಣ ಹೂಡಿದ ದಿನವೇ ಮುಖ್ಯ, ಮ್ಯಾಜಿಸ್ಟ್ರೇಟರು ಅದನ್ನು ಕೈಗೆತ್ತಿಕೊಂಡ ದಿನವಲ್ಲ ಎಂದಿತು. ನ್ಯಾಯಾಲಯದ ತಡಕ್ಕೆ ದೂರುದಾರ ಹೊಣೆಯಲ್ಲ ಎಂಬುದು ಅದರ ತಿರುಳು. ಆಮೇಲೂ ಪೊಲೀಸ್ ಕೇಸಿನಲ್ಲಿ "ಹೂಡಿದ ದಿನ" ಎಂದರೆ ಚಾರ್ಜ್‌ಶೀಟ್ ದಿನವೇ ಎಂದು ಆರೋಪಿ ಪರ ವಕೀಲರು ವಾದಿಸುತ್ತಿದ್ದರು. ನಾನೂ ಆರೋಪಿ ಪರ ನಿಂತಾಗ ವಾದಿಸಿದ್ದೇನೆ, ಸುಳ್ಳೇಕೆ ಹೇಳಲಿ. ಹೊಸ ಸಂಹಿತೆಯ 514ಕ್ಕೆ ಈಗ ವಿವರಣೆ ಸೇರಿಸಿದ್ದಾರೆ. ಖಾಸಗಿ ದೂರಾದರೆ ಅದನ್ನು ಸಲ್ಲಿಸಿದ ದಿನ, ಪೊಲೀಸ್ ಕೇಸಾದರೆ ಮಾಹಿತಿ ದಾಖಲಾದ ದಿನ, ಅಂದರೆ ಎಫ್‌ಐಆರ್ ದಿನ.

ಚಾಲಕ ಊರು ಬಿಟ್ಟು ತಲೆಮರೆಸಿಕೊಂಡಿದ್ದಾನೆ.

ತಲೆಮರೆಸಿಕೊಂಡು ಬಂಧನ ತಪ್ಪಿಸಿಕೊಂಡ ಅವಧಿಯನ್ನು ಲೆಕ್ಕದಿಂದ ಕಳೆಯಬೇಕು. ಕಲಂ 516. ವಿದೇಶದಲ್ಲಿದ್ದ ಅವಧಿಯೂ ಹಾಗೆಯೇ.

ಇದೆಲ್ಲ ಲೆಕ್ಕ ಹಾಕಿದ ಮೇಲೂ ಮಿತಿ ಮೀರಿದ್ದರೆ ನ್ಯಾಯಾಲಯ ಅವಧಿ ವಿಸ್ತರಿಸುತ್ತದೆಯೇ?

ವಿಸ್ತರಿಸಬಹುದು. ಹಳೆಯ 473, ಈಗಿನ 519. ತಡವಾದುದಕ್ಕೆ ಸರಿಯಾದ ವಿವರಣೆ ಇದ್ದರೆ, ಅಥವಾ ನ್ಯಾಯದ ಹಿತಕ್ಕೆ ಅಗತ್ಯವೆನಿಸಿದರೆ. ಇಲ್ಲಿ "ಅಥವಾ" ಎಂಬ ಪದ ದೊಡ್ಡದು. ವಿವರಣೆ ಸೊರಗಿದ್ದರೂ ನ್ಯಾಯದ ಹಿತ ಎಂಬ ಎರಡನೇ ಬಾಗಿಲು ತೆರೆದಿರುತ್ತದೆ.

ಆದರೆ ಆರೋಪಿಗೆ ನೋಟಿಸ್ ಕೊಟ್ಟು ಅವನ ಮಾತು ಕೇಳದೆ ವಿಳಂಬವನ್ನು ಮನ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಶರದ್‌ಚಂದ್ರ ಡೋಂಗ್ರೆ ಪ್ರಕರಣದಲ್ಲಿ ಹೇಳಿದೆ. ಚಾರ್ಜ್‌ಶೀಟ್ ಜೊತೆಗೆ ವಿಳಂಬ ಮನ್ನಾ ಅರ್ಜಿ ಇಲ್ಲದಿದ್ದರೆ, ಅಥವಾ ಅರ್ಜಿ ಇದ್ದೂ ನೋಟಿಸ್ ಹೋಗದಿದ್ದರೆ, ನಾಲ್ಕು ವರ್ಷದ ನಂತರ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಇಡೀ ಕೇಸು ಕುಸಿಯಬಹುದು. ಸರ್ಕಾರಿ ಅಭಿಯೋಜಕರನ್ನು ಭೇಟಿಯಾಗಿ ಈ ಒಂದು ಸಂಗತಿ ವಿಚಾರಿಸಿದರೆ ತಪ್ಪೇನೂ ಇಲ್ಲ, ಅವರೇನೂ ಬೇಸರಪಡುವುದಿಲ್ಲ.

ಕುಡಿದು ಓಡಿಸುತ್ತಿದ್ದನೆಂದು ಸಾಕ್ಷಿಗಳು ಹೇಳುತ್ತಾರೆ.

ಹಾಗಿದ್ದರೆ ನಿರ್ಲಕ್ಷ್ಯದ ಕಲಂ ಮಾತ್ರವಲ್ಲ, ಕೊಲೆಯಲ್ಲದ ದಂಡನೀಯ ನರಹತ್ಯೆಯ ಕಲಮೂ ಬರಬಹುದು. ಹಳೆಯ 304ರ ಎರಡನೇ ಭಾಗ, ಈಗಿನ 105. ಶಿಕ್ಷೆ ಹತ್ತು ವರ್ಷದವರೆಗೆ, ಕಾಲಮಿತಿ ಇಲ್ಲ. 1999ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಬಿಎಂಡಬ್ಲ್ಯು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಈ ಕಲಮನ್ನೇ ಎತ್ತಿಹಿಡಿಯಿತು. ಎರಡು ಕಲಮುಗಳನ್ನು ಒಟ್ಟಿಗೆ ವಿಚಾರಣೆ ಮಾಡುವಾಗ ಹೆಚ್ಚು ಶಿಕ್ಷೆಯ ಕಲಮಿನ ಕಾಲಮಿತಿಯೇ ಅನ್ವಯಿಸುತ್ತದೆ.

ಹಾಗೆಂದು ಪ್ರತಿ ಕೇಸಿಗೂ 105 ಹಾಕಿ ಎಂದು ಠಾಣೆಯ ಮುಂದೆ ಧರಣಿ ಕೂರಬೇಡಿ. ಓಡಿಹೋದವನು ಮೂರು ದಿನ ಬಿಟ್ಟು ಸಿಕ್ಕರೆ ರಕ್ತದಲ್ಲಿ ಮದ್ಯ ಎಲ್ಲಿಯದು? ಪರಾರಿಯಾಗುವುದರ ಲಾಭವೇ ಅದು.

ನಿಲ್ಲಿಸಲಿಲ್ಲ, ಆಸ್ಪತ್ರೆಗೆ ಸೇರಿಸಲಿಲ್ಲ. ಅದಕ್ಕೇ ಬೇರೆ ಶಿಕ್ಷೆ ಇಲ್ಲವೇ?

ಇದೆ, ಸಣ್ಣದು. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಹತ್ತಿರದ ಠಾಣೆಗೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ ತಿಳಿಸಬೇಕು. ಜನ ಹೊಡೆಯಲು ಬಂದರೆ ಸ್ಥಳದಲ್ಲಿ ನಿಂತು ಚಿಕಿತ್ಸೆ ಕೊಡಿಸುವ ಹೊಣೆಯಿಂದ ವಿನಾಯಿತಿ ಇದೆ, ಠಾಣೆಗೆ ತಿಳಿಸುವ ಹೊಣೆಯಿಂದ ಇಲ್ಲ. "ಹೊಡೆಯುತ್ತಾರೆಂದು ಹೆದರಿ ಓಡಿದೆ" ಎನ್ನುವ ಚಾಲಕರು ಈ ವ್ಯತ್ಯಾಸ ತಿಳಿದಿರಬೇಕು. ತಪ್ಪಿದರೆ 187ರ ಅಡಿ ಆರು ತಿಂಗಳ ಸೆರೆ ಅಥವಾ ₹5,000 ದಂಡ ಅಥವಾ ಎರಡೂ. ಇದನ್ನೊಂದನ್ನೇ ಇಟ್ಟುಕೊಂಡರೆ ಕಾಲಮಿತಿ ಒಂದೇ ವರ್ಷ.

ವಾಹನದ ಮಾಲೀಕ ಬಾಯಿ ಬಿಡುತ್ತಿಲ್ಲ. ಗ್ಯಾರೇಜಿನವರೂ ಸುಮ್ಮನಿದ್ದಾರೆ.

ಪೊಲೀಸರು ಕೇಳಿದಾಗ ಚಾಲಕನ ಹೆಸರು, ವಿಳಾಸ ಹೇಳುವುದು ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ ಮಾಲೀಕನ ಕರ್ತವ್ಯ. ಆರೋಪಿಯನ್ನು ಉಳಿಸಲೆಂದು, ಗೊತ್ತಿದ್ದೂ ಬಂಪರ್ ಬದಲಿಸಿ ಬಣ್ಣ ಹೊಡೆದರೆ ಅದು ಸಾಕ್ಷ್ಯನಾಶ, ನ್ಯಾಯ ಸಂಹಿತೆಯ 238. ಮೂಲ ಅಪರಾಧದ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗ, ಐದು ವರ್ಷಕ್ಕೆ ಹದಿನೈದು ತಿಂಗಳು. ಲೆಕ್ಕ ನೋಡಿ, ಅದು ಮೂರು ವರ್ಷದ ಮಿತಿಯೊಳಗೆ ಬೀಳುತ್ತದೆ. ಗುದ್ದಿದವನಿಗೆ ಮಿತಿಯಿಲ್ಲ, ಮುಚ್ಚಿಟ್ಟವನಿಗೆ ಮಿತಿಯಿದೆ.

ಪೊಲೀಸರು "ಸಿ ರಿಪೋರ್ಟ್ ಹಾಕಿದ್ದೇವೆ" ಎನ್ನುತ್ತಾರೆ. ಅಂದರೇನು?

ಘಟನೆ ನಿಜ, ಆರೋಪಿ ಪತ್ತೆಯಾಗಿಲ್ಲ ಎಂದರ್ಥ. ಬಿ ರಿಪೋರ್ಟ್ ಬೇರೆ, ಅದು ದೂರಿನಲ್ಲಿ ಹುರುಳಿಲ್ಲ ಎನ್ನುವುದು. ಸಿ ರಿಪೋರ್ಟ್ ಹಾಕಿದ ಕೇಸು ಸತ್ತಿಲ್ಲ. ಹೊಸ ಸುಳಿವು ಸಿಕ್ಕರೆ ಸುರಕ್ಷಾ ಸಂಹಿತೆಯ 193(9)ರ ಅಡಿ ಮತ್ತೆ ತನಿಖೆ ನಡೆಸಬಹುದು. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ನಿಮಗೆ ತಿಳಿಸಬೇಕೆಂದೂ ಅದೇ ಕಲಂ ಹೇಳುತ್ತದೆ.

ಕಾನೂನು ಸಮಯ ಕೊಟ್ಟರೂ ಸಾಕ್ಷ್ಯ ಉಳಿದಿರುತ್ತದೆಯೇ?

ನನ್ನನ್ನು ಕೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕಾಲಮಿತಿಯಿಂದ ಬಿದ್ದ ಪರಾರಿ ಕೇಸುಗಳನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು. ಮೊದಲ ಹತ್ತು ಹದಿನೈದು ದಿನದಲ್ಲಿ ಕೈತಪ್ಪಿ ಬಿದ್ದವು ಕಪಾಟು ತುಂಬ ಇವೆ.

ಹೆದ್ದಾರಿ ಬದಿಯ ಖಾನಾವಳಿ, ಬಂಕು, ಗೊಬ್ಬರದ ಅಂಗಡಿಗಳ ಸಿಸಿಟಿವಿ ಪೆಟ್ಟಿಗೆಯಲ್ಲಿ ಹಾರ್ಡ್‌ಡಿಸ್ಕ್ ತುಂಬಿದ ಹಾಗೆ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ. ಕೆಲವು ಕಡೆ ಎರಡು ವಾರ, ಕೆಲವು ಕಡೆ ಒಂದು ತಿಂಗಳು. ಉತ್ತರಕ್ರಿಯೆ ಮುಗಿಸಿ ವಿಚಾರಿಸಲು ಹೋಗುವ ಹೊತ್ತಿಗೆ ಆ ರಾತ್ರಿಯ ದೃಶ್ಯದ ಜಾಗದಲ್ಲಿ ಇನ್ಯಾವುದೋ ರಾತ್ರಿ ಇರುತ್ತದೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದು ಇಂಥದ್ದಕ್ಕೇ. ಮನೆಯಲ್ಲಿ ಸಾವಾಗಿರುವಾಗ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಮನೆಯವರಲ್ಲದ ಒಬ್ಬ ಗೆಳೆಯನನ್ನೋ ಅಳಿಯನನ್ನೋ ಅದೇ ದಿನ ಆ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಕಳುಹಿಸಿ. ಯಾವ ಯಾವ ಅಂಗಡಿಯ ಕ್ಯಾಮೆರಾ ರಸ್ತೆಗೆ ಮುಖ ಮಾಡಿದೆ ಎಂದು ಬರೆದುಕೊಂಡು ಬರಲಿ. ಆ ಪಟ್ಟಿಯನ್ನು ತನಿಖಾಧಿಕಾರಿಗೆ ಬರಹದಲ್ಲಿ ಕೊಡಿ. ಕ್ಯಾಮೆರಾದ ಗಡಿಯಾರ ಎಷ್ಟು ನಿಮಿಷ ಹಿಂದೆಯೋ ಮುಂದೆಯೋ ಇದೆ ಎಂಬುದನ್ನೂ ಬರೆದಿಡಿ.

ಬಂಕಾಪುರ, ಚಳಗೇರಿ ಟೋಲ್‌ಗಳಲ್ಲಿ ದಾಟಿದ ಗಾಡಿಗಳ ಫಾಸ್ಟ್ಯಾಗ್ ದಾಖಲೆ ಪೊಲೀಸರು ಕೇಳಿದರೆ ಸಿಗುತ್ತದೆ. ಘಟನೆಯಾದ ಜಾಗದಿಂದ ಟೋಲ್‌ಗೆ ಎಷ್ಟು ನಿಮಿಷದ ದಾರಿ ಎಂದು ಲೆಕ್ಕ ಹಾಕಿದರೆ ನೂರಾರು ಗಾಡಿಗಳ ಪಟ್ಟಿ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ.

ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು "ಸಾಕ್ಷಿ ಸಿಕ್ಕಿತು" ಎಂದು ನೆಮ್ಮದಿಯಾಗಬೇಡಿ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಅದರ ಜೊತೆಗೆ ಇಲ್ಲದಿದ್ದರೆ ವಿಚಾರಣೆಯಲ್ಲಿ ಅದು ನಿಲ್ಲುವುದು ಕಷ್ಟ. ರಸ್ತೆಯಲ್ಲಿ ಬಿದ್ದ ಗಾಜು, ಬಣ್ಣದ ಹೊಪ್ಪಳಿಕೆ, ಕನ್ನಡಿಯ ಚೂರು ಕಂಡರೆ ಮುಟ್ಟಬೇಡಿ, ಬಿದ್ದಲ್ಲೇ ಫೋಟೊ ತೆಗೆದು ಪೊಲೀಸರನ್ನು ಕರೆಸಿ. ಪಂಚರ ಎದುರು ಪಂಚನಾಮೆಯಲ್ಲಿ ಬರೆದುಕೊಂಡರೆ ಅದು ಸಾಕ್ಷ್ಯ. ಮನೆಗೆ ತಂದಿಟ್ಟುಕೊಂಡರೆ ಎಲ್ಲಿಂದ ಬಂತೆಂದು ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ.

ಪರಿಹಾರಕ್ಕೂ ಗಡುವು ಇದೆಯೇ?

ಇದೆ, ಮತ್ತು ಅದು ಕ್ರಿಮಿನಲ್ ಕೇಸಿನದಕ್ಕಿಂತ ಬಿಗಿ. ವಾಹನ ಪತ್ತೆಯಾದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯ್ದೆ ಕೊಡುವುದು ಆರೇ ತಿಂಗಳು, 2022ರ ಏಪ್ರಿಲ್ 1ರಿಂದ. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ, ಆದರೂ ಅದನ್ನು ನಂಬಿ ಕೂರಬೇಡಿ. ವಾಹನ ಪತ್ತೆಯಾಗದಿದ್ದರೆ ಕೇಂದ್ರದ ಯೋಜನೆಯಲ್ಲಿ ಸಾವಿಗೆ ₹2 ಲಕ್ಷ, ತೀವ್ರ ಗಾಯಕ್ಕೆ ₹50,000. ಮುಂಚೆ ಇದು ₹25,000 ಮತ್ತು ₹12,500 ಆಗಿತ್ತು. ಅರ್ಜಿ ಹೋಗುವುದು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ ಈ ಯೋಜನೆಯ ಬಗ್ಗೆ ಪೊಲೀಸರೇ ಮನೆಯವರಿಗೆ ಬರಹದಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದೆ. ನಿಮಗೆ ಅಂಥ ಪತ್ರ ಬಂದಿದೆಯೇ? ನನ್ನ ಬಳಿ ಬಂದ ಹೆಚ್ಚಿನವರು ಇಲ್ಲ ಎಂದೇ ತಲೆಯಾಡಿಸಿದ್ದಾರೆ.

ಬೇರೆ ದೇಶಗಳಲ್ಲಿ ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2014ರಿಂದ ಒಂದು ನಡುದಾರಿ ಇದೆ. ಸಾವು ಅಥವಾ ತೀವ್ರ ಗಾಯದ ಪರಾರಿ ಪ್ರಕರಣದಲ್ಲಿ ಶಂಕಿತನ ಗುರುತು ಸಿಕ್ಕ ಮೇಲೆ ಒಂದು ವರ್ಷದವರೆಗೆ ಕೇಸು ಹೂಡಬಹುದು, ಆದರೆ ಘಟನೆ ನಡೆದು ಆರು ವರ್ಷದೊಳಗೆ. ಗುರುತು ಸಿಕ್ಕ ದಿನದಿಂದ ಎಣಿಸುವ ನಿಯಮ ನಮ್ಮಲ್ಲಿ 1974ರಿಂದಲೇ ಇದೆ, ಮೇಲಿನ ಆ ಆರು ವರ್ಷದ ಮುಚ್ಚಳವಿಲ್ಲದೆ.

ಮಿತಿಯೇ ಇಲ್ಲದಿದ್ದರೆ ಆರೋಪಿಗೆ ಅನ್ಯಾಯವಲ್ಲವೇ?

ಆಗಬಹುದು. ಹನ್ನೆರಡು ವರ್ಷದ ನಂತರ "ಆ ರಾತ್ರಿ ಗಾಡಿ ಯಾರ ಕೈಯಲ್ಲಿತ್ತು" ಎಂದು ಕೇಳಿದರೆ ನಿರಪರಾಧಿ ಚಾಲಕನೂ ತಾನೆಲ್ಲಿದ್ದೆ ಎಂದು ತೋರಿಸಲಾರ. ಟ್ರಿಪ್ ಪುಸ್ತಕ ಇರುವುದಿಲ್ಲ, ಕ್ಲೀನರ್ ಹುಡುಗ ಯಾವುದೋ ಊರು ಸೇರಿರುತ್ತಾನೆ. ಮಿತಿ ಬೇಕೆನ್ನುವವರ ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗುದ್ದಿ ನಿಂತವನಿಗೂ ಗುದ್ದಿ ಓಡಿದವನಿಗೂ ವ್ಯತ್ಯಾಸವಿದೆ. ಓಡಿದವನು ತಡವನ್ನು ತಾನೇ ಉಂಟುಮಾಡಿದ್ದಾನೆ, ಅದರ ಲಾಭ ಅವನಿಗೆ ದಕ್ಕಬಾರದು. ನನಗೆ ಒಪ್ಪಿಗೆಯಾಗದ ಸಂಗತಿ ಬೇರೆ. ಈಗ 106(1)ರ ಅಡಿ ನಿಂತವನಿಗೂ ಓಡಿದವನಿಗೂ ಒಂದೇ ಶಿಕ್ಷೆಯ ಮಿತಿ, ಒಂದೇ ಕಾಲದ ಲೆಕ್ಕ. ಹಾಗಿದ್ದರೆ ಚಾಲಕ ಏಕೆ ನಿಲ್ಲಬೇಕು?

ವಕೀಲರಿಗೆ ಕೊಡಲು ಹಣವಿಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವು ಇದೆ. ಸಹಾಯವಾಣಿ 15100.

ಆ ಇಂಡಿಕೇಟರ್ ಚೂರು ಏನಾಯಿತು?

ತಮ್ಮನನ್ನು ಕರೆಸಿ, ಎಲ್ಲಿ, ಯಾವಾಗ, ಹೇಗೆ ಸಿಕ್ಕಿತೆಂದು ಅವನ ಹೇಳಿಕೆ ಬರೆಸಿ, ಪಂಚನಾಮೆ ಮಾಡಿಸಿ ತನಿಖಾಧಿಕಾರಿಗೆ ಒಪ್ಪಿಸಿದೆವು. ಪ್ಲಾಸ್ಟಿಕ್ಕಿನ ಒಳಬದಿಯಲ್ಲಿ ಉಬ್ಬಕ್ಷರದ ಪಾರ್ಟ್ ನಂಬರ್ ಇತ್ತು, ಕೊನೆಯ ಎರಡು ಅಂಕಿ ಮುರಿದಿದ್ದವು. ಬಿಡಿಭಾಗದ ಅಂಗಡಿಯವರೊಬ್ಬರು ಅದನ್ನು ತಿರುಗಿಸಿ ನೋಡಿ ಸಣ್ಣ ಸರಕು ಗಾಡಿಯದು, ಎಡಬದಿಯದು ಎಂದು ಹೇಳಿದರು. ಸಿ ರಿಪೋರ್ಟ್ ಆಗಿದ್ದ ಕೇಸಿನಲ್ಲಿ ಮುಂದಿನ ತನಿಖೆಗೆ ಅರ್ಜಿ ಹೋಗಿದೆ. ಗಾಡಿ ಸಿಕ್ಕಿಲ್ಲ. ಅವರ ಮೂರು ವರ್ಷದ ಎಣಿಕೆಯೂ ಇನ್ನೂ ಆರಂಭವಾಗಿಲ್ಲ.